ಮಹಾಪ್ರಬಂಧದ ಕೊನೆಯ ಹತ್ತು ಪುಟ

ಬೆಳಗಾವಿಯ ಕಾಲೇಜು ರಸ್ತೆಗೆ ಕೂಡುವ ಒಂದು ಓಣಿಯಲ್ಲಿ, ಝೆರಾಕ್ಸ್ ಅಂಗಡಿಯ ಒಳಮೂಲೆಯ ಕಂಪ್ಯೂಟರಿನ ಮುಂದೆ ಕೂತು ಪ್ರಮಿಳಾ ಹತ್ತೊಂಬತ್ತು ವರ್ಷಗಳಲ್ಲಿ ನೂರಾ ಹನ್ನೆರಡು ಮಂದಿಯನ್ನು ದಡ ಮುಟ್ಟಿಸಿದ್ದಾಳೆ. ಅವರೆಲ್ಲ ಈಗ ಹೆಸರಿಗೆ ‘ಡಾ.’ ಹಚ್ಚಿಕೊಂಡು, ಅದನ್ನು ಮನೆಯ ಬಾಗಿಲಿಗೆ, ಕಾರಿನ ಗಾಜಿಗೆ, ಮಗಳ ಲಗ್ನಪತ್ರಿಕೆಗೆ ಬರೆಸಿಕೊಂಡು ಸುಖವಾಗಿದ್ದಾರೆ. ಪ್ರಮಿಳಾ ಮಾತ್ರ ಬಿ.ಎ. ಮುಗಿಸಿ, ಎಂ.ಎ. ಮೊದಲ ವರ್ಷದಲ್ಲಿ ಲಗ್ನವಾಗಿ, ಅಲ್ಲಿಗೇ ನಿಂತವಳು. ಮನೆ ಖಾನಾಪುರದಲ್ಲಿ. ಗಂಡ ಗಜಾನನ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ನಿಲ್ಲುತ್ತಾನೆ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಾರೆ. ಅವನು ಮಚ್ಛೆಯಲ್ಲಿ ಇಳಿದರೆ ಇವಳು ಊರೊಳಗೆ ಬರುತ್ತಾಳೆ.

ಅವಳ ಕೆಲಸ ಇಷ್ಟೇ. ಸಂಶೋಧನೆಯ ಫಲ ಜನಸಾಮಾನ್ಯರಿಗೂ ಮುಟ್ಟಬೇಕೆಂಬ ದೊಡ್ಡ ಮನಸ್ಸಿನಿಂದ ವಿಶ್ವವಿದ್ಯಾಲಯವು ಒಂದು ನಿಯಮ ಮಾಡಿತ್ತು: ಇಂಗ್ಲಿಷಿನಲ್ಲಿ ಬರೆದ ಪ್ರತಿ ಮಹಾಪ್ರಬಂಧದ ಕೊನೆಗೆ ಹತ್ತು ಪುಟ ಮೀರದ ಕನ್ನಡ ಸಾರಾಂಶ ಇರತಕ್ಕದ್ದು. ಈ ನಿಯಮವನ್ನು ಜನಸಾಮಾನ್ಯರಿಗೆ ಯಾರೂ ತಿಳಿಸಿರಲಿಲ್ಲ. ಸಾರಾಂಶವು ಗ್ರಂಥಸೂಚಿಯ ಆಚೆ, ಪ್ರಶ್ನಾವಳಿಯ ಆಚೆ, ಹಳ್ಳಿಯ ಜನರ ನಡುವೆ ಸಂಶೋಧಕರು ಕರಿ ಕನ್ನಡಕ ಹಾಕಿಕೊಂಡು ನಿಂತ ಫೋಟೋಗಳ ಆಚೆ, ಮುನ್ನೂರನೆಯ ಪುಟದ ಸುಮಾರಿಗೆ ಶುರುವಾಗುತ್ತಿತ್ತು. ಮೇಲೆ ಕೆಂಪು ರೆಕ್ಸಿನ್ನು, ಬಂಗಾರದ ಅಕ್ಷರ. ಐದು ಪ್ರತಿಗಳಲ್ಲಿ ಒಂದು ಗ್ರಂಥಾಲಯದ ಗಾಜಿನ ಕಪಾಟಿಗೆ ಹೋಗುತ್ತಿತ್ತು. ಕಪಾಟಿನ ಕೀಲಿ ಇದ್ದವರು ಸಾಮಾನ್ಯವಾಗಿ ರಜೆಯಲ್ಲಿರುತ್ತಿದ್ದರು.

ಮೊದಮೊದಲು ಪ್ರಮಿಳಾ ಕೂಡ ಎಲ್ಲರಂತೆಯೇ ಬರೆಯುತ್ತಿದ್ದಳು. ‘ಪ್ರಸ್ತುತ ಅಧ್ಯಯನವು ಗ್ರಾಮೀಣ ಪರಿಪ್ರೇಕ್ಷ್ಯದಲ್ಲಿ’ ಎಂದು ಶುರು ಮಾಡಿದರೆ ಮುಂದಿನದು ತಾನೇ ಉರುಳಿಕೊಂಡು ಬರುತ್ತಿತ್ತು. ಒಂದು ದಿನ ಸಂಜೆಯ ಬಸ್ಸಿನಲ್ಲಿ ತಪ್ಪು ತಿದ್ದುತ್ತ ಕೂತಿದ್ದಾಗ, ಬಾಜು ಸೀಟಿನಲ್ಲಿ ಖಾಲಿ ಬುಟ್ಟಿ ಕಾಲಬುಡಕ್ಕೆ ಇಟ್ಟುಕೊಂಡಿದ್ದ ಫಕೀರವ್ವ ಕೇಳಿದಳು. ಫಕೀರವ್ವ ದಿನಾ ಖಾನಾಪುರದಿಂದ ಬೆಳಗಾವಿಗೆ ಸೊಪ್ಪು ಒಯ್ದು ಮಾರುವವಳು, ಅರವತ್ತು ದಾಟಿದವಳು.

“ಮನಸಿನಾಗ ಏನ್ ಓದಾಕತ್ತಿ, ತಂಗಿ? ಜೋರ ಓದ, ನಾನೂ ಕೇಳತೇನಿ.”

ಪ್ರಮಿಳಾ ಒಂದು ಪುಟ ಓದಿದಳು. ಫಕೀರವ್ವ ಕಣ್ಣು ಮುಚ್ಚಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಕೇಳಿದಳು. ಓದು ನಿಂತ ಮೇಲೆ ಕೈ ಮುಗಿದು, “ಮಂತ್ರ ಮುಗೀತೇನ?” ಎಂದಳು.

ಅದು ಕುಚೋದ್ಯವಲ್ಲ, ಖರೇ ಭಕ್ತಿ. ಆದ್ದರಿಂದಲೇ ಪ್ರಮಿಳಾಗೆ ನಾಚಿಕೆಯಾಯಿತು. ಮರುದಿನ ಅದೇ ಪುಟವನ್ನು ಹರಿದು ಹೊಸದಾಗಿ ಬರೆದಳು. ಅಂದಿನಿಂದ ಅವಳಿಗೊಂದು ರೂಢಿ ಬಿತ್ತು. ಬರೆದದ್ದನ್ನೆಲ್ಲ ಬಸ್ಸಿನಲ್ಲಿ ಫಕೀರವ್ವನಿಗೆ ಓದುವುದು, ಅವಳು “ಹೂಂ, ಮುಂದ?” ಅನ್ನುವ ತನಕ ವಾಕ್ಯ ತಿದ್ದುವುದು. ಹಿಂದಿನ ಸೀಟಿನವರೂ ಕಿವಿ ಕೊಡತೊಡಗಿದರು. ರಕ್ತಹೀನತೆಯ ಮೇಲಿನ ಒಂದು ಪ್ರಬಂಧ ಓದಿದ ವಾರ, ಊಟದ ಬೆನ್ನಿಗೇ ಚಹಾ ಕುಡಿದರೆ ಉಂಡ ಸೊಪ್ಪಿನ ಸತ್ವ ಮೈಗೆ ಹತ್ತುವುದಿಲ್ಲವೆಂದು ತಿಳಿದು ಮೂವರು ಹೆಂಗಸರು ಆ ಚಹಾ ಬಿಟ್ಟರು. ಆ ಪ್ರಬಂಧದ ಡಾಕ್ಟರರಿಗೆ ಈ ಸಂಗತಿ ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೂ ಬಸ್ಸಿನ ಹೆಂಗಸರನ್ನು ಅಡಿಟಿಪ್ಪಣಿಯಲ್ಲಿ ಎಲ್ಲಿ ಹಾಕುವುದೆಂದು ಅವರು ಚಿಂತಿಸಿಯಾರು.

ಸಮಾಜಶಾಸ್ತ್ರದ ಪ್ರೊಫೆಸರ್ ಕಲ್ಲಯ್ಯನವರಿಗೆ ಮಾತ್ರ ಈ ಹೊಸ ಕನ್ನಡ ಸರಿಬರಲಿಲ್ಲ. ಅವರ ಕೈಕೆಳಗೆ ಹದಿನಾಲ್ಕು ಮಂದಿ ಪಿಎಚ್‌ಡಿ ಮಾಡಿದ್ದರು. ಹದಿನಾಲ್ಕೂ ಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ ಅವರು ದಾರಿದೀಪವೇ ಆಗಿದ್ದರು. ಒಮ್ಮೆ ಅಂಗಡಿಗೆ ತಾವೇ ಬಂದು ಸಾರಾಂಶವೊಂದನ್ನು ಕೈಯಲ್ಲಿ ಹಿಡಿದು ತೂಗಿದರು.

“ಪ್ರಮಿಳಾ ಅವರ, ಇದು ಓದಿದ್ರ ತಿಳೀತದಲ್ಲ?”

“ತಿಳೀಬಾರದೇನ್ರಿ ಸರ್?”

“ತಿಳೀಬೇಕು, ತಿಳೀಬೇಕು. ಆದರ ಇಷ್ಟ ಲಗೂನ ತಿಳೀಬಾರದು. ಐದು ವರ್ಷ ಕುಂತು ಮಾಡಿದ ಕೆಲಸ ಅದ. ಓದಾಂವಗ ಒಂದ ಸ್ವಲ್ಪರ ತ್ರಾಸ ಆಗಬೇಕಲ್ಲ?”

ಓದುವವನೇ ಇಲ್ಲದ ಕಡೆ ತ್ರಾಸ ಯಾರಿಗೆ ಆಗಬೇಕೆಂದು ಪ್ರಮಿಳಾ ಕೇಳಲಿಲ್ಲ. ಅವರ ಸಮಾಧಾನಕ್ಕೆ ಮೊದಲ ಪ್ಯಾರಾದಲ್ಲಿ ಒಂದು ‘ಪರಿಪ್ರೇಕ್ಷ್ಯ’ ಸೇರಿಸಿ ಕೊಟ್ಟಳು. ಮುಂದೆ ಅವರ ವಿಭಾಗದ ಎಲ್ಲ ಸಾರಾಂಶಗಳಿಗೂ ಒಂದೊಂದು ‘ಪರಿಪ್ರೇಕ್ಷ್ಯ’ ಹಾಕುವುದು ಅಂಗಡಿಯ ಪದ್ಧತಿಯೇ ಆಯಿತು.

ಪ್ರೊಫೆಸರರ ಹದಿನೈದನೆಯ ಶಿಷ್ಯೆ ಪೂರ್ಣಿಮಾ. ನಂದಗಡದ ಕಿರಾಣಿ ವ್ಯಾಪಾರಿಯ ಮಗಳು. ಮಾತು ಕಡಿಮೆ, ಕೆಲಸ ಪ್ರಾಮಾಣಿಕ. ಖಾನಾಪುರ ತಾಲೂಕಿನ ಕುರಿಗಾರರು ತಮ್ಮ ಕುರಿಗಳಿಗೆ ಹಿರೇಬೇನೆಯ ಸೂಜಿ ಹಾಕಿಸುತ್ತಾರೋ ಇಲ್ಲವೋ, ಹಾಕಿಸಿದರೆ ಏನಾಗುತ್ತದೆ ಎಂಬುದು ಅವಳ ವಿಷಯ. ಹಿರೇಬೇನೆ ಎಂದರೆ ಕುರಿಯ ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ, ವಾರದೊಳಗೆ ಮಂದೆಯನ್ನೇ ನೆಲಕ್ಕೆ ಹಾಕುವ ರೋಗ. ಪೂರ್ಣಿಮಾ ಮೂರು ವರ್ಷ ನಲವತ್ತಾರು ಹಟ್ಟಿಗಳಿಗೆ ನಡೆದು, ಕುರಿ ಎಷ್ಟು, ಸೂಜಿ ಎಷ್ಟಕ್ಕೆ, ಸತ್ತದ್ದೆಷ್ಟು ಎಂದು ಕೇಳಿ ಬರೆದುಕೊಂಡಿದ್ದಳು. ಪ್ರಬಂಧ ಒಪ್ಪಿಸಲು ಅವಳಿಗಿದ್ದ ಕಡೆಯ ಗಡುವು ಮೇ ತಿಂಗಳ ಹತ್ತನೆಯ ತಾರೀಖು. ಏಪ್ರಿಲ್ ನಡುವೆ ಅವಳು ಕಾಗದದ ಕಟ್ಟು ತಂದು ಪ್ರಮಿಳಾಳ ಮುಂದೆ ಇಟ್ಟಳು.

ಪ್ರಮಿಳಾ ನಾಲ್ಕು ದಿನ ಓದಿ, ಮೂರು ದಿನ ಬರೆದು, ಒಂದು ಸಂಜೆ ಬಸ್ಸಿನಲ್ಲಿ ಫಕೀರವ್ವನ ಮುಂದೆ ಬಿಚ್ಚಿದಳು.

“ಮಂದೆಯ ಎಲ್ಲ ಕುರಿಗಳಿಗೂ ಸೂಜಿ ಹಾಕಿಸಿದ ಹಟ್ಟಿಗಳಲ್ಲೂ ನೂರಕ್ಕೆ ಇಪ್ಪತ್ತೇಳು ಕುರಿ ಸತ್ತವು. ಔಷಧಿಯಲ್ಲಿ ದೋಷವಿಲ್ಲ. ಕುರಿಗಾರರ ತಿಳಿಗೇಡಿತನ, ಹೇಳಿದಂತೆ ಕೇಳದ ಸ್ವಭಾವವೇ ಇದಕ್ಕೆ ಕಾರಣ.”

ಫಕೀರವ್ವ “ಹೂಂ” ಅನ್ನಲಿಲ್ಲ. ಅವಳ ತವರುಮನೆ ಪಾರಿಶ್ವಾಡದ ಕುರಿಗಾರರದು. ತಮ್ಮ ಸಾತಪ್ಪ ಈಗಲೂ ಮಂದೆ ಕಾಯುತ್ತಾನೆ.

“ತಿಳಿಗೇಡಿಗಳು ಅನ್ನಲಿ, ಬಿಡು. ಎಲ್ಲಾ ಕುರಿಗೂ ಸೂಜಿ ಹಾಕ್ಯಾರಂತ ಯಾರ್ ಹೇಳಿದ್ರು?”

“ಅವರ ಹೇಳ್ಯಾರಲ್ಲಕ್ಕಾ. ನೂರಾ ಇಪ್ಪತ್ತ ಅದಾವು, ನೂರಾ ಇಪ್ಪತ್ತಕ್ಕೂ ಹಾಕಸೇವಿ ಅಂತ.”

“ಮತ್ತ ಬೀರಪ್ಪನ್ವು?”

ಪ್ರಮಿಳಾ ಹಾಳೆ ಮಡಿಚಿದಳು. ಫಕೀರವ್ವ ಕಿಟಕಿಯ ಕಡೆ ಮುಖ ಮಾಡಿ, ತವರಿನ ಗುಟ್ಟು ಹೇಳುವ ಸಣ್ಣ ದನಿಯಲ್ಲಿ ಹೇಳಿದಳು. ಅವರ ಮನೆತನಗಳಲ್ಲಿ ಕೆಲವು ಮರಿಗಳನ್ನು ಹುಟ್ಟಿದಾಗಲೇ ಬೀರಪ್ಪ ದೇವರ ಹೆಸರಿಗೆ ಬಿಡುತ್ತಾರೆ. ಅವು ಮಂದೆಯಲ್ಲೇ ಮೇಯುತ್ತವೆ, ಮಂದೆಯಲ್ಲೇ ಮಲಗುತ್ತವೆ. ಆದರೆ ಯಾರು ಕೇಳಿದರೂ ಲೆಕ್ಕಕ್ಕೆ ಬರುವುದಿಲ್ಲ. ದೇವರ ಕುರಿಗೆ ಮನುಷ್ಯರು ಸೂಜಿ ಚುಚ್ಚುವಂತಿಲ್ಲ. ದವಾಖಾನೆಯವರು ಬರುವ ದಿನ ಅವನ್ನು ಬೇರೆ ಮಾಡಿ ಹಳ್ಳದ ಆಚೆ ಹೊಡೆದುಕೊಂಡು ಹೋಗುತ್ತಾರೆ. ಇಡೀ ಮಂದೆ ಎಷ್ಟೆಂದು ಬಾಯಿಬಿಟ್ಟು ಹೇಳಿದರೆ ಅದು ಉಳಿಯುವುದಿಲ್ಲ ಎಂಬ ಹೆದರಿಕೆ ಬೇರೆ.

“ಸತ್ತದ್ದು ಮಾತ್ರ ಹ್ಯಾಂಗ ಹೇಳಿದ್ರಕ್ಕಾ? ಹಟ್ಟಿ ಹಟ್ಟಿದೂ ಬರದೈತಿ ಇದರಾಗ.”

“ಸತ್ತದ್ದು ಹೇಳಬಹುದು. ಸತ್ತದ್ದಕ್ಕ ಯಾರ ದೃಷ್ಟಿ ಹತ್ತತೈತಿ?”

ಖಾನಾಪುರ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಕಂಡಕ್ಟರು ಎರಡು ಸಲ ಕೂಗಬೇಕಾಯಿತು.

ಮರುದಿನ ಪ್ರಮಿಳಾ ಪೂರ್ಣಿಮಾಳನ್ನು ಕರೆಸಿ ಹೇಳಿದಳು. ಹುಡುಗಿ ಅಲ್ಲೇ ತನ್ನ ಕೋಷ್ಟಕ ತೆರೆದು ನೋಡಿದಳು. ಸತ್ತ ಕುರಿಗಳಲ್ಲಿ ದೇವರವೂ ಇದ್ದು, ಮಂದೆಯ ಒಟ್ಟು ಲೆಕ್ಕದಲ್ಲಿ ಅವು ಇಲ್ಲದಿದ್ದರೆ, ಆ ಇಪ್ಪತ್ತೇಳಕ್ಕೆ ಅರ್ಥವೇ ಇಲ್ಲ. ಇಬ್ಬರೂ ಪ್ರೊಫೆಸರರ ಕೋಣೆಗೆ ಹೋದರು. ಕಲ್ಲಯ್ಯನವರು ಕೇಳಿಸಿಕೊಂಡು, ಕನ್ನಡಕ ಒರೆಸಿ, ಅದನ್ನು ಹಾಕಿಕೊಳ್ಳದೆ ಮಾತಾಡಿದರು.

“ಸೊಪ್ಪು ಮಾರಾಕಿ ಹೇಳಿದ್ಲಂತ ಕೋಷ್ಟಕ ತಿದ್ದೂಣೇನು? ಮಾಹಿತಿದಾರರು ಏನ್ ಹೇಳಿದ್ರೋ ಅದ ಮಾಹಿತಿ. ಸುಮ್ನ ಒಪ್ಪಿಸು. ಕಡೀ ಹತ್ತ ಪುಟ ಯಾರ್ ಓದತಾರ?”

“ಒಬ್ಬಾಕಿ ಓದಿಸಿ ಕೇಳ್ಯಾಳಲ್ರಿ ಸರ್” ಎಂದಳು ಪ್ರಮಿಳಾ.

ಅವರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಅವರು ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು. ಮೆಲ್ಲಗೆ, “ಮತ್ತ ಮಳಿ ಬರೂಕಿಂತ ಮೊದಲ ಸೂಜಿ ಹಾಕತಾರ?” ಎಂದು ಪೂರ್ಣಿಮಾಳನ್ನು ಕೇಳಿದರು. ಅವಳು ಹೌದೆಂದಳು. “ಹಂಗಾರ ಹೋಗಿ ನೋಡ್ರಿ. ಗಡುವಿನ ಜವಾಬ್ದಾರಿ ನಂದಲ್ಲ” ಎಂದು ಫೋನು ಎತ್ತಿಕೊಂಡರು. ಫೋನು ರಿಂಗಾಗಿರಲಿಲ್ಲ.

ಮುಂದಿನ ರವಿವಾರ ಪ್ರಮಿಳಾ, ಪೂರ್ಣಿಮಾ, ಫಕೀರವ್ವ ಮೂವರೂ ಪಾರಿಶ್ವಾಡಕ್ಕೆ ಹೋದರು. ದಾರಿಯುದ್ದಕ್ಕೂ ಪ್ರಮಿಳಾ ಒಂದನ್ನೇ ಯೋಚಿಸುತ್ತಿದ್ದಳು. ತಪ್ಪು ವಾಕ್ಯ ಹಾಗೇ ಅಚ್ಚಾದರೆ ಒಂದು ಪುಸ್ತಕ ಕಪಾಟು ಸೇರುತ್ತದೆ, ಅಷ್ಟೇ. ಆದರೆ ಈ ಸಲದ ಸೂಜಿಯ ದಿನವೂ ಆ ಕುರಿಗಳು ಹಳ್ಳದ ಆಚೆಯೇ ಉಳಿದರೆ ಮಳೆಗಾಲದಲ್ಲಿ ಮತ್ತೆ ಸಾಯುತ್ತವೆ. ಅದನ್ನು ತಡೆಯಬೇಕಾದರೆ ಒಬ್ಬ ಮನುಷ್ಯನಿಗೆ ಅವನು ಕೇಳಬಾರದ ಮಾತು ಹೇಳಬೇಕು.

ಸಾತಪ್ಪನ ಮಂದೆ ಊರ ಹೊರಗೆ ಕೊಯ್ದ ಹೊಲದಲ್ಲಿ, ಬಲೆ ಕಟ್ಟಿದ ದೊಡ್ಡಿಯಲ್ಲಿ ಇತ್ತು. ಅವನು ಕಂಬಳಿ ಹಾಸಿ, “ಬರ್ರಿ ಬಾಯಾರ, ಕುಂದರ್ರಿ. ಪೂರ್ಣಿಮಾಬಾಯಾರು ಹೋದ ವರ್ಷದಕಿಂತ ಸೊರಗ್ಯಾರ. ಸಾಲಿ ಕಲ್ತಂಗ ಸೊರಗತಾರೇನ?” ಎಂದ. ಅವನ ಹೆಂಡತಿ ಕಾಡವ್ವ ಮೂರು ಕಲ್ಲಿನ ಒಲೆಯ ಮೇಲೆ ಚಹಾಕ್ಕಿಟ್ಟಳು.

ಪ್ರಮಿಳಾ ಸಾರಾಂಶ ಓದಿದಳು. ತಿಳಿಗೇಡಿತನದ ಮಾತು ಬಂದಾಗ ದನಿ ತಗ್ಗಿತು. ಸಾತಪ್ಪನಿಗೆ ಅದೇನೂ ನಾಟಲಿಲ್ಲ.

“ಬರದಾರ, ಬರೀಲಿ. ನಮ್ಮನ್ನ ಶಾಣ್ಯಾ ಅಂತ ಯಾರ್ ಬರದಾರ ಇಲ್ಲೀತನ?”

“ಸಾತಪ್ಪಣ್ಣಾ, ನೂರಾ ಇಪ್ಪತ್ತಕ್ಕೂ ಸೂಜಿ ಹಾಕಸೇವಿ, ಹೋದ ಮಳಿಗಾಲದಾಗ ಮೂವತ್ತೆರಡ ಸತ್ತುವಂತ ನೀವ ಹೇಳೀರಿ. ಅದರಾಗ ಬೀರಪ್ಪನ್ವು ಎಷ್ಟ ಇದ್ದುವು?”

ಅವನು ಅಕ್ಕನ ಕಡೆ ತಿರುಗಿದ. ಫಕೀರವ್ವ ನೆಲ ನೋಡುತ್ತ, “ಸತ್ತದ್ದು ಹೇಳಬಹುದಲ್ಲೋ” ಎಂದಳು.

ಅವನು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತ ಹೇಳಿದ: “ಒಂದ ಬಿಟ್ಟ ಎಲ್ಲಾ ಅವನ್ವ. ತನ್ವ ತಾ ಒಯ್ದಾ. ನಾವ ಯಾರ ಕೇಳಾಕ?”

ಪೂರ್ಣಿಮಾಳ ಪೆನ್ನು ನಿಂತಿತು. ಸೂಜಿ ಹಾಕಿದ ನೂರಾ ಇಪ್ಪತ್ತರಲ್ಲಿ ಸತ್ತದ್ದು ಒಂದೇ ಒಂದು. ಅವಳು ಮೂರು ವರ್ಷ ನಡೆದು ಹುಡುಕಿದ ಉತ್ತರ, ಅವಳು ಬರೆದದ್ದಕ್ಕೆ ತೀರಾ ತಿರುಗುಮುರುಗಾಗಿ, ಆ ಕಂಬಳಿಯ ಮೇಲೆ ಬಿದ್ದಿತ್ತು.

“ಅಂದ್ರ ಏನಂದಂಗಾತು?” ಎಂದು ಕಾಡವ್ವ ಕೇಳಿದಳು.

ಹತ್ತೊಂಬತ್ತು ವರ್ಷ ಕಷ್ಟದ್ದನ್ನು ಸುಲಭ ಮಾಡಿ ಹೇಳಿದ ಪ್ರಮಿಳಾಗೆ ಆಗ ಸುಲಭದ್ದನ್ನು ಹೇಳುವುದು ಕಷ್ಟವಾಯಿತು. ಪ್ರೊಫೆಸರರ ‘ಪರಿಪ್ರೇಕ್ಷ್ಯ’ದಂಥ ಶಬ್ದ ಒಂದಾದರೂ ನಾಲಿಗೆಗೆ ಬರಲಿ ಅನಿಸಿತು, ಅಂಥ ಶಬ್ದಗಳ ಹಿಂದೆ ಮನುಷ್ಯ ಯಾಕೆ ಅಡಗಿ ನಿಲ್ಲುತ್ತಾನೆಂದು ಮೊದಲ ಬಾರಿ ತಿಳಿಯಿತು. ಅವರನ್ನು ಕಂಡು ಇಷ್ಟು ದಿನ ನಕ್ಕದ್ದಕ್ಕೆ ಒಳಗೇ ತಪ್ಪೊಪ್ಪಿಕೊಂಡಳು. ಆಮೇಲೆ ಹೇಳಿದಳು.

“ಸೂಜಿ ಹಾಕಿದ್ದು ಉಳದಾವು, ಯವ್ವಾ. ಹಾಕದ್ದು ಹೋಗ್ಯಾವು.”

ಕಾಡವ್ವ ಒಲೆಯ ಬೆಂಕಿಯನ್ನು ಸುಮ್ಮನೆ ಕೆದಕಿದಳು. ಚಹಾ ಉಕ್ಕಿ ಬೂದಿಗೆ ಬಿತ್ತು, ಅವಳು ಇಳಿಸಲಿಲ್ಲ.

“ಹಳ್ಳದ ಆಚಿಗಿ ಅವನ್ನ ಹೊಡಕೊಂಡ ಹೋದಾಕಿ ನಾನ. ತಾಯಿ ಸತ್ತ ಮರಿ ಇದ್ದುವು ಅದರಾಗ ಆರೇಳು, ಬಾಟ್ಲಿ ಹಾಲ ಹಾಕಿ ಬೆಳಸಿದ್ದು. ಅಂವ ಒಯ್ದಾನಂತ ತಿಳಕೊಂಡ ನಾ ಅಳಲಿಲ್ಲ. ಒಂದಕ್ಕೂ ಅಳಲಿಲ್ಲ.”

ಫಕೀರವ್ವ ಎದ್ದು ಹೋಗಿ ಅವಳ ಬಾಜು ಕೂತಳು. ಪೂರ್ಣಿಮಾ ಪ್ರಮಿಳಾಳ ಕೈಯಿಂದ ಹಾಳೆ ಇಸಿದುಕೊಂಡು, ತಿಳಿಗೇಡಿತನದ ವಾಕ್ಯದ ಮೇಲೆ ಗೆರೆ ಎಳೆದಳು. ಗಡುವಿಗೆ ಹದಿನೈದು ದಿನವಿತ್ತು. ಉಳಿದ ನಲವತ್ತೈದು ಹಟ್ಟಿಗಳಿಗೆ ಮತ್ತೆ ನಡೆಯಬೇಕಿತ್ತು.

ಸಾತಪ್ಪ ಗೆರೆ ಎಳೆದದ್ದನ್ನು ನೋಡುತ್ತಿದ್ದ.

“ಮೊದಲ ಬರದದ್ದ ಚಲೋ ಇತ್ತಲ್ರಿ ಬಾಯಾರ” ಎಂದ. “ಅದರಾಗ ನಾವ ಬರೇ ದಡ್ಡರಿದ್ವಿ. ಕುರಿ ಕೊಂದಾವ್ರ ಇರಲಿಲ್ಲ.”

ಸಾತಪ್ಪ ಎದ್ದು ದೊಡ್ಡಿಯ ಸುತ್ತ ಒಂದು ಸುತ್ತು ಹೋದ. ಒಂದು ಕಡೆ ನಿಂತು ಬಲೆಯ ಮೇಲಿಂದ ಕೈ ಚಾಚಿ, ಅರಿಶಿನ ಹಚ್ಚಿದ ಒಂದು ಟಗರಿನ ತಲೆ ಮುಟ್ಟಿದ. ತಿರುಗಿ ಬಂದು ನಿಂತೇ ಕೇಳಿದ.

“ಈ ಸಲದ ಸೂಜಿ ಯಾವಾಗ?”

“ಬುಧವಾರ ಬರತಾರ” ಎಂದಳು ಪೂರ್ಣಿಮಾ. “ಕುರಿ ಎಷ್ಟಂತ ಇವತ್ತ ದವಾಖಾನಿಗೆ ಹೇಳಬೇಕ್ರಿ. ಅಷ್ಟಕ್ಕ ಔಷಧ ತರತಾರ.”

“ನಾ ಹೇಳಾಂವ ಅಲ್ಲ. ನಮ್ಮಪ್ಪ ಹೇಳಿಲ್ಲ, ಅವರಪ್ಪ ಹೇಳಿಲ್ಲ.”

“ಹೂಂ.”

“ಎಣಸಾಂವೂ ಅಲ್ಲ.”

ಹಾಗೆಂದವನು ದೊಡ್ಡಿಯ ಬಾಯಿಗೆ ಹೋಗಿ ಬಲೆಯ ಗೂಟ ಕಿತ್ತು, ಒಂದೇ ಕುರಿ ಹೊರಬರುವಷ್ಟು ದಾರಿ ಮಾಡಿದ. ಆಮೇಲೆ ಹತ್ತು ಹೆಜ್ಜೆ ಆಚೆ ಹೋಗಿ, ಮಂದೆಗೆ ಬೆನ್ನು ಕೊಟ್ಟು ನಿಂತ.

“ಅವನ್ವೂ ಬರಲಿ, ನಮ್ವೂ ಬರಲಿ” ಎಂದ ಬೆನ್ನು ತಿರುಗಿಸಿಕೊಂಡೇ. “ಅವಗ ಸಿಟ್ಟ ಬಂದ್ರ ನನ್ನ ಮ್ಯಾಲೆ ಬರಲಿ. ನೀವು ಕಣ್ಣಿದ್ದಾವ್ರು, ನೋಡಕೋರಿ.”

ಕಾಡವ್ವ ಒಳಗಿನಿಂದ ಕುರಿಗಳನ್ನು ಅಟ್ಟಿದಳು. ಅವು ಒಂದರ ಹಿಂದೊಂದು ಸಂದಿಯಿಂದ ಜಿಗಿದು ಬಂದವು. ಬಲೆಯ ಈ ಕಡೆ ಪ್ರಮಿಳಾ, ಆ ಕಡೆ ಪೂರ್ಣಿಮಾ ತುಟಿ ಅಲ್ಲಾಡಿಸದೆ ಎಣಿಸಿದರು. ಸೂಜಿಯ ವಯಸ್ಸಾಗದ ಮರಿಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಡುವೆ ಒಮ್ಮೆ ಎರಡು ಕೂಡಿಯೇ ನುಗ್ಗಿದಾಗ ಪ್ರಮಿಳಾಗೆ ಲೆಕ್ಕ ತಪ್ಪಿತೇನೋ ಎನಿಸಿತು. ಮತ್ತೊಮ್ಮೆ ಈ ಮನುಷ್ಯನನ್ನು ಹೀಗೆ ನಿಲ್ಲಿಸುವ ಧೈರ್ಯ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಕೊನೆಯ ಕುರಿ ಹೊರಬಂದ ಮೇಲೆ ಇಬ್ಬರೂ ಕಾಗದದ ಮೇಲೆ ಬರೆದು ತೋರಿಸಿಕೊಂಡರು. ಎರಡೂ ಒಂದೇ ಇದ್ದವು.

ಸಾತಪ್ಪ ಎಷ್ಟೆಂದು ಕೇಳಲಿಲ್ಲ. “ಎಲ್ಲಾಕ್ಕೂ ಔಷಧ ಬರತೈತೇನ್ರಿ?” ಎಂದ.

“ಬರತೈತ್ರಿ, ಕಾಕಾ” ಎಂದಳು ಪೂರ್ಣಿಮಾ.

ಅವಳು ದನದ ದವಾಖಾನೆಯ ಡಾಕ್ಟರರಿಗೆ ಫೋನು ಹಚ್ಚಿದಳು. ಸಾತಪ್ಪನ ಹೆಸರು, ಹೊಲದ ಗುರುತು ಹೇಳಿದಳು. ಅಂಕಿ ಬರುವ ಹೊತ್ತಿಗೆ ಸಾತಪ್ಪ ರುಮಾಲನ್ನು ಕಿವಿಯ ಮೇಲೆ ಎಳೆದುಕೊಂಡು, ಕೋಲು ಹಿಡಿದು, ಮಂದೆಯ ಹಿಂದೆ ದೂರ ನಡೆದಿದ್ದ. ಅವನಿಗೆ ಇನ್ನಷ್ಟು ದೂರ ಹೋಗಲು ಬಿಟ್ಟು, ಪೂರ್ಣಿಮಾ ದನಿ ತಗ್ಗಿಸಿ, “ನೂರಾ ನಲವತ್ತೊಂಬತ್ತ್ರಿ ಸರ್” ಎಂದಳು.

ಕಾಡವ್ವ ಅಲ್ಲೇ ನಿಂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಗುಡಿಸಲಿನ ಕಡೆ ಕೈ ಮಾಡಿದಳು.

“ಇನ್ನೆರಡ ಕುರಿ ಕೂಡಸ್ರಿ ಅಂತ ಹೇಳವ್ವಾ ಅವರಿಗೆ. ಕುಂಟೂವು ಎರಡ ಒಳಗ ಕಟ್ಟೇನಿ. ಒಂದ ಬೀರಪ್ಪಂದ ಐತಿ.”